ಕನ್ನಡ ಕಲಿಯುವವರ ಕೈಗೆ ಕ್ರೀಡಾ ಪುಟ

ಬೆಂಗಳೂರಿಗೆ ಕೆಲಸಕ್ಕೆ ಬಂದವರಿಗೆ ನಾನು ಶನಿವಾರ ಸಂಜೆ ಕನ್ನಡ ಹೇಳಿಕೊಡುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲೇ ಕ್ಲಾಸು. ಬ್ಯಾಂಕಿನವರು ಬರುತ್ತಾರೆ, ನರ್ಸ್‌ಗಳು ಬರುತ್ತಾರೆ, ಸಾಫ್ಟ್‌ವೇರ್‌ನವರು ಜಾಸ್ತಿ. ಕೆಲವು ತಿಂಗಳಲ್ಲೇ ಆಟೋದವರ ಹತ್ತಿರ, ತರಕಾರಿ ಅಂಗಡಿಯಲ್ಲಿ ಧೈರ್ಯವಾಗಿ ಮಾತಾಡುತ್ತಾರೆ. ಆಮೇಲೆ ಅಲ್ಲೇ ನಿಂತುಬಿಡುತ್ತಾರೆ. ಅಂಗಡಿಯಲ್ಲಿ ಬೇಕಾಗುವ ಮಾತು ಒಂದಿಷ್ಟೇ ಅಲ್ವಾ? ಅದು ಬಂದ ಮೇಲೆ ಹೊಸ ಮಾತು ಕಿವಿಗೆ ಬೀಳುವುದೇ ಕಡಿಮೆ. ಅಲ್ಲಿಂದ ಮುಂದಕ್ಕೆ ಹೋಗಲು ಓದಬೇಕು. ಪಾಠಕ್ಕೆ ಅಂತಲ್ಲ, ಖುಷಿಗೆ ಓದಬೇಕು.

ಹಾಗಾಗಿ ನಮ್ಮ ಕ್ಲಾಸಿನ ಮೊದಲ ಕಾಲು ಗಂಟೆ ಯಾರೂ ಮಾತಾಡುವುದಿಲ್ಲ. ಮೂಲೆಯಲ್ಲೊಂದು ಟ್ರಂಕ್ ಇದೆ. ಅದರಿಂದ ಯಾವುದು ಬೇಕೋ ತೆಗೆದುಕೊಂಡು ಓದಬಹುದು. ಹಿಡಿಸದಿದ್ದರೆ ಅರ್ಧಕ್ಕೇ ಬಿಡಬಹುದು. ಡಿಕ್ಷನರಿ ತೆಗೆಯುವ ಹಾಗಿಲ್ಲ, ಫೋನ್ ಬ್ಯಾಗಿನಲ್ಲಿ. ನಾನೂ ಅವರ ಜೊತೆ ಕೂತು ನನ್ನ ಪುಸ್ತಕ ಓದುತ್ತೇನೆ. ಓದಿದ ಮೇಲೆ ಪ್ರಶ್ನೆ ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ಪ್ರಶ್ನೆ ಬರುತ್ತದೆ ಅಂತ ಗೊತ್ತಾದರೆ ಸಾಕು, ಜನ ಕಥೆ ಬಿಟ್ಟು ಉತ್ತರ ಹುಡುಕತೊಡಗುತ್ತಾರೆ.

ಟ್ರಂಕಿನಲ್ಲಿ ಮಕ್ಕಳ ಪುಸ್ತಕವೇ ಹೆಚ್ಚು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ವೆಬ್‌ಸೈಟ್‌ನಲ್ಲಿ ಕನ್ನಡದ ಕಥೆಗಳು ಬೇಕಾದಷ್ಟಿವೆ, ಎಲ್ಲವೂ ಉಚಿತ. ಓದಿನ ಕಷ್ಟ ನೋಡಿ ಹಂತ ಮಾಡಿದ್ದಾರೆ. ಮೊದಲ ಹಂತದ್ದನ್ನು ಪ್ರಿಂಟ್ ತೆಗೆದು ಪಿನ್ ಹೊಡೆದಿಡುತ್ತೇನೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಇವೆ. ಅದೇ ಕಥೆ ಹಿಂದಿಯಲ್ಲೂ ಸಿಗುವುದುಂಟು. ಚಿಕ್ಕಂದಿನಲ್ಲಿ ಓದಿದ ಕಥೆ ಕನ್ನಡದಲ್ಲಿ ಸಿಕ್ಕಿದರೆ ಉತ್ತರದ ಕಡೆಯವರ ಮುಖ ನೋಡಬೇಕು!

ಇಷ್ಟು ಸುಲಭದ್ದು ಯಾಕೆ ಅಂತ ದೊಡ್ಡವರು ಕೇಳುತ್ತಾರೆ. ಹು ಮತ್ತು ನೇಷನ್ ಎಂಬ ಇಬ್ಬರು ಸಂಶೋಧಕರು ಇಂಗ್ಲಿಷ್ ಕಲಿಯುವವರ ಓದನ್ನು ನೋಡಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರ ಸಹಾಯವೂ ಇಲ್ಲದೆ ಕಥೆ ಚೆನ್ನಾಗಿ ಅರ್ಥವಾಗಬೇಕಾದರೆ ನೂರಕ್ಕೆ ಸುಮಾರು 98 ಪದ ಮೊದಲೇ ಗೊತ್ತಿರಬೇಕು ಅನ್ನುವುದು ಅದರ ಸಾರ. ಅಂದರೆ 50 ಪದಕ್ಕೆ ಒಂದು ಹೊಸದು. ಕಲಿಯುವವರಿಗೆ ಕಾದಂಬರಿ ಕೊಟ್ಟರೆ ಒಂದೊಂದು ಸಾಲಿನಲ್ಲೂ ನಾಲ್ಕೈದು ಹೊಸದು ಬರುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪದ ಗೊತ್ತಿದ್ದರೂ ಪುಟದಲ್ಲಿ ಅದರ ಗುರುತು ಸಿಗುವುದಿಲ್ಲ. 'ಮನೆ' ಗೊತ್ತು, 'ಇದ್ದವರು' ಗೊತ್ತು, 'ಎಲ್ಲ' ಗೊತ್ತು. 'ಮನೆಯಲ್ಲಿದ್ದವರಿಗೆಲ್ಲ' ಅಂತ ಒಟ್ಟಿಗೆ ಬಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಇದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಬಹುದು, ತೋರಿಸುತ್ತೇನೆ ಕೂಡ. ಆದರೆ ಅದು ಕಣ್ಣಿಗೆ ಕೂರುವುದು ನೂರಾರು ಸಲ ಎದುರಾದಾಗಲೇ. ಒತ್ತಕ್ಷರವೂ ಹಾಗೇ. ಕೇರಳದಿಂದ ಬಂದ ಒಬ್ಬ ನರ್ಸ್ 'ಕರ್ನಾಟಕ' ಅಂತ ಬಸ್ಸಿನ ಮೇಲೆ ನೋಡಿದ ಕೂಡಲೇ ಹೇಳುತ್ತಿದ್ದರು. 'ಅರ್ಧ' ಬಂದರೆ 'ಅಧ' ಅಂತ ಓದಿ ತಡವರಿಸುತ್ತಿದ್ದರು. ಅರ್ಕಾವತ್ತು ಬರೆಯುವುದು ಅಕ್ಷರ ಆದ ಮೇಲೆ, ಓದುವುದು ಅದಕ್ಕಿಂತ ಮೊದಲು. ಅವರಿಗೆ ಇದು ಸರಿಹೋಗಿದ್ದು ಅಡುಗೆ ಪುರವಣಿಯಿಂದ. 'ಅರ್ಧ ಕಪ್', 'ಅರ್ಧ ಚಮಚ' ಇಲ್ಲದ ಅಡುಗೆ ಯಾವುದಿದೆ ಹೇಳಿ? ಹುರಿದುಕೊಳ್ಳಿ, ರುಬ್ಬಿಕೊಳ್ಳಿ, ಹೆಚ್ಚಿಕೊಳ್ಳಿ ಅಂತ ಓದೀ ಓದೀ 'ಕೊಳ್ಳು' ಬಳಸುವುದೂ ತಾನಾಗಿ ಬಂತು. ಆ ಪಾಠ ನಾನು ಅವರಿಗೆ ಮಾಡಲೇ ಇಲ್ಲ.

ಅದಕ್ಕೇ ಟ್ರಂಕಿಗೆ ಹಳೇ ಪೇಪರ್‌ಗಳನ್ನೂ ಹಾಕುತ್ತೇನೆ. ಸಂಪಾದಕೀಯ ಬೇಡ, ಅದು ಕನ್ನಡದವರಿಗೇ ಕಷ್ಟ. ರಾಶಿಭವಿಷ್ಯ ಚೆನ್ನಾಗಿ ನಡೆಯುತ್ತದೆ. ದಿನಾ ಅದೇ ಹಣಕಾಸು, ಅದೇ ಪ್ರಯಾಣ, ಅದೇ ಆರೋಗ್ಯ. ನಂಬಿಕೆ ಇಲ್ಲದವರೂ ತಮ್ಮದು ಓದಿ, ಹೆಂಡತಿಯದನ್ನೂ ಗಂಡನದನ್ನೂ ಓದುತ್ತಾರೆ.

ಎಲ್ಲಕ್ಕಿಂತ ಒಳ್ಳೆಯದು ಕ್ರೀಡಾ ಪುಟ. ಹಿಂದಿನ ರಾತ್ರಿ ಮ್ಯಾಚ್ ನೋಡಿದವರಿಗೆ ಏನಾಯಿತು ಅಂತ ಗೊತ್ತಿರುತ್ತದೆ. ಆಟಗಾರರ ಹೆಸರು ಗೊತ್ತು, ರನ್ ಗೊತ್ತು. ಉಳಿದದ್ದು ಊಹೆಗೆ ಸಿಗುತ್ತದೆ. ಒಡಿಶಾದ ಹುಡುಗನೊಬ್ಬ 'ಶತಕ ಸಿಡಿಸಿದರು', 'ವಿಕೆಟ್ ಕಬಳಿಸಿದರು' ಅನ್ನುವುದನ್ನೆಲ್ಲ ಯಾರನ್ನೂ ಕೇಳದೆ ಅರ್ಥ ಮಾಡಿಕೊಂಡ. ಒಂದು ಶನಿವಾರ ಬಂದವನೇ, "ಮೇಡಂ, ಇವತ್ತು ನಮ್ಮ ಮ್ಯಾನೇಜರ್ ನನ್ನ ಲಂಚ್ ಟೈಮ್ ಕಬಳಿಸಿದರು" ಅಂದ. ಎಲ್ಲರೂ ನಕ್ಕರು. ನನಗಂತೂ ಹೇಳಲಾರದಷ್ಟು ಖುಷಿಯಾಯಿತು. ಅವನು ಆ ಪದವನ್ನು ಆಟದಿಂದ ಎತ್ತಿ ತನ್ನ ಬದುಕಿಗೆ ತಂದುಕೊಂಡಿದ್ದ. ಪಟ್ಟಿ ಬಾಯಿಪಾಠ ಮಾಡಿಸಿದರೆ ಇದು ಆಗುವುದಿಲ್ಲ.

ಮಾತಿನ ಕನ್ನಡ ಬೇರೆ, ಪುಸ್ತಕದ್ದು ಬೇರೆ, ಗೊಂದಲ ಆಗಲ್ವಾ ಅಂತ ಹೊಸಬರು ಕೇಳುತ್ತಾರೆ. 'ಹೋಗ್ತೀನಿ' ಅನ್ನುವವರು 'ಹೋಗುತ್ತೇನೆ' ನೋಡಿದರೆ ಒಂದೆರಡು ವಾರ ಗೊಂದಲ ಆಗುತ್ತದೆ, ಅಷ್ಟೇ. ಕಾಮಿಕ್ಸ್ ಅದಕ್ಕೆ ಒಳ್ಳೇ ದಾರಿ, ಸಾಲುಗಳು ಚಿಕ್ಕವು, ಜೊತೆಗೆ ಚಿತ್ರವಿದೆ.

ಇಲ್ಲಿಂದ ದೊಡ್ಡವರ ಕಥೆಗಳಿಗೆ ದಾಟಿಸುವುದು ನಿಜಕ್ಕೂ ಕಷ್ಟ. ನಡುವೆ ದೊಡ್ಡ ಕಂದಕವೇ ಇದೆ. ದೊಡ್ಡವರಿಗೆ ಹಿಡಿಸುವ ವಿಷಯ, ಸುಲಭದ ಭಾಷೆ, ಎರಡೂ ಇರುವ ಪುಸ್ತಕ ಕನ್ನಡದಲ್ಲಿ ಬಹಳ ಕಡಿಮೆ. ಬರೆಯುವವರು ಯಾರಾದರೂ ಇದ್ದರೆ ದಯವಿಟ್ಟು ಇದರ ಕಡೆ ನೋಡಿ, ಓದಲು ಕಾಯುತ್ತಿರುವವರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಸದ್ಯಕ್ಕೆ ನಾನು ಒಬ್ಬರೇ ಲೇಖಕರ ಸಣ್ಣ ಕಥೆಗಳನ್ನು ಒಂದರ ಹಿಂದೆ ಒಂದು ಕೊಡುತ್ತೇನೆ. ಒಬ್ಬರ ಬರಹದಲ್ಲಿ ಅವರಿಗೆ ರೂಢಿಯಾದ ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲ ಕಥೆಗೆ ಪಟ್ಟ ಕಷ್ಟ ಮೂರನೆಯದಕ್ಕೆ ಇರುವುದಿಲ್ಲ.

ಒಡಿಶಾದ ಹುಡುಗನಿಗೆ ಈಗ ಹುಬ್ಬಳ್ಳಿಗೆ ವರ್ಗವಾಗಿದೆ. ಧಾರವಾಡದ ಕಡೆಯ ಮಾತಿರುವ, ಆದರೆ ಚಿಕ್ಕದಾದ ಕಥೆಗಳು ಬೇಕು ಅಂತ ಮೆಸೇಜ್ ಮಾಡಿದ್ದಾನೆ. ಹುಡುಕುತ್ತಿದ್ದೇನೆ.