ಮೈಲೇಜ್ ಕಾರು, ನಾಲ್ಕು ಸೈಕಲ್: ಹೊರೆ ಹಂಚುವುದು ಹೇಗೆ

ಒಳ್ಳೆ ಮೈಲೇಜ್ ಕೊಡುವ ಕಾರು ಚಿಕ್ಕದಾಗಿರುತ್ತದೆ, ಹಗುರವಾಗಿರುತ್ತದೆ, ಗಾಳಿ ಅದರ ಮೈಮೇಲೆ ಜಾರಿಕೊಂಡು ಹೋಗುತ್ತದೆ. ಸೈಕಲ್ಲುಗಳನ್ನು ಟಾಪ್ ಮೇಲೆ ನಿಲ್ಲಿಸಿದರೆ ಮೊದಲು ಹೋಗುವುದೇ ಆ ಮೂರನೆಯ ಗುಣ. ಹಾಗಾಗಿ ನಾಲ್ಕು ಜನರ ಮನೆಗೆ, ನಾಲ್ಕು ಸೈಕಲ್ಲಿಗೆ ನಮ್ಮ ಸಲಹೆ ಇಷ್ಟೇ: ಮಕ್ಕಳ ಸೈಕಲ್ ಕಾರಿನ ಒಳಗೆ, ದೊಡ್ಡವರ ಸೈಕಲ್ ಕಾರಿನ ಹಿಂದೆ, ಟಾಪ್ ಖಾಲಿ. ಎಲ್ಲವನ್ನೂ ಒಂದೇ ಕಡೆ ಹೇರಲು ಹೋದರೆ ಚಿಕ್ಕ ಕಾರಿನ ಯಾವುದಾದರೊಂದು ಮಿತಿ ದಾಟಿಯೇ ದಾಟುತ್ತದೆ.

ಮೊದಲು ತೂಕ

ರ‍್ಯಾಕ್ ಕೊಳ್ಳುವ ಮುಂಚೆ ಕಾರಿನ ಜೊತೆ ಬಂದ ಪುಸ್ತಕ ತೆಗೆದು ಈ ಅಂಕಿಗಳನ್ನು ಬರೆದುಕೊಳ್ಳಿ: ಕಾರಿನ ಖಾಲಿ ತೂಕ, ಹೊರೆಸಮೇತ ಇರಬಹುದಾದ ಗರಿಷ್ಠ ತೂಕ, ಟಾಪ್ ಹೊರಬಹುದಾದ ತೂಕ, ಹಿಂದೆ ಟೋ ಹುಕ್ (ಟ್ರೇಲರ್ ಎಳೆಯಲು ಹಾಕುವ ಕೊಕ್ಕೆ) ಹಾಕಲು ಅನುಮತಿ ಇದ್ದರೆ ಅದರ ಮೇಲೆ ನೇರವಾಗಿ ಬೀಳಬಹುದಾದ ತೂಕ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕೊನೆಯದನ್ನು ವಿಶೇಷವಾಗಿ ನೋಡಬೇಕು. ಕೆಲವಕ್ಕೆ ಟ್ರೇಲರ್ ಎಳೆಯುವ ಅನುಮತಿ ಇರುವುದಿಲ್ಲ, ಆದರೆ ಸೈಕಲ್ ರ‍್ಯಾಕಿಗಷ್ಟೇ ಹುಕ್ ಹಾಕಿಸಿಕೊಳ್ಳಬಹುದು. ಕೆಲವಕ್ಕೆ ಅದೂ ಇಲ್ಲ.

ಒಂದು ಲೆಕ್ಕ ಹೀಗೆ ಮಾಡಬಹುದು. ಖಾಲಿ ತೂಕ 1000 ಕೆಜಿ, ಗರಿಷ್ಠ 1400 ಕೆಜಿ ಇರುವ ಕಾರಿಗೆ ಉಳಿಯುವುದು 400 ಕೆಜಿ. ಇಬ್ಬರು ದೊಡ್ಡವರು 140, ಇಬ್ಬರು ಮಕ್ಕಳು 60, ಬ್ಯಾಗುಗಳು 50. ಸೈಕಲ್ಲುಗಳು 14, 13, 10, 8, ಅಂದರೆ ಒಟ್ಟು 45. ಹಿಂದಿನ ರ‍್ಯಾಕ್ 17. ಎಲ್ಲ ಸೇರಿ 312 ಕೆಜಿ, ಮಿತಿಯೊಳಗೇ ಇದೆ. ಕೆಲವು ಪುಸ್ತಕಗಳಲ್ಲಿ ಕಾರಿನ ಖಾಲಿ ತೂಕದೊಳಗೆ 75 ಕೆಜಿಯ ಚಾಲಕನನ್ನೂ ಸೇರಿಸಿರುತ್ತಾರೆ, ಅದನ್ನು ಗಮನಿಸಿ. ಸೈಕಲ್ ತೂಕ ಅಂದಾಜಿನಲ್ಲಿ ಬೇಡ. ಮನೆಯ ತೂಕದ ಯಂತ್ರದ ಮೇಲೆ ಸೈಕಲ್ ಎತ್ತಿಕೊಂಡು ನಿಂತು ನೋಡಿ, ನಿಮ್ಮ ತೂಕ ಕಳೆಯಿರಿ.

ಒಟ್ಟು ತೂಕ ಸರಿಯಿದ್ದರೂ ಅದು ಎಲ್ಲಿ ಕೂರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಹಿಂದಿನ ಗಾಲಿಯ ಆಚೆ ನೇತುಹಾಕಿದ ಹೊರೆ ಸನ್ನೆಕೋಲಿನ ಹಾಗೆ ಕೆಲಸ ಮಾಡಿ ಕಾರಿನ ಮೂತಿಯನ್ನು ಮೇಲಕ್ಕೆತ್ತುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.5 ಮೀಟರ್ ಇರುವ ಕಾರಿನಲ್ಲಿ, ಹಿಂದಿನ ಗಾಲಿಯಿಂದ 1.1 ಮೀಟರ್ ಆಚೆ 80 ಕೆಜಿ ಹೇರಿದರೆ ಹಿಂದಿನ ಗಾಲಿಗಳ ಮೇಲೆ ಬೀಳುವುದು ಸುಮಾರು 115 ಕೆಜಿ. ಮುಂದಿನ ಗಾಲಿಗಳು 35 ಕೆಜಿಯಷ್ಟು ಹಗುರವಾಗುತ್ತವೆ. ಚಿಕ್ಕ ಕಾರುಗಳಲ್ಲಿ ಎಂಜಿನ್ ಶಕ್ತಿ ಹೋಗುವುದು, ಸ್ಟೇರಿಂಗ್ ತಿರುಗುವುದು ಹೆಚ್ಚಾಗಿ ಮುಂದಿನ ಗಾಲಿಗಳಿಂದಲೇ, ಆದ್ದರಿಂದ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ಅದೇ ಎರಡು ದೊಡ್ಡ ಸೈಕಲ್ ಮತ್ತು ರ‍್ಯಾಕ್ ಮಾತ್ರ ಹಿಂದಿದ್ದರೆ ಹೊರೆ 44 ಕೆಜಿಗೆ ಇಳಿಯುತ್ತದೆ, ಮುಂದಿನ ಗಾಲಿ ಕಳೆದುಕೊಳ್ಳುವುದು 19 ಕೆಜಿ ಅಷ್ಟೆ. ಟೋ ಹುಕ್ಕಿನ ಮಿತಿ 50 ಕೆಜಿ ಇರುವ ಕಾರಿಗೂ ಇದು ಒಗ್ಗುತ್ತದೆ. ಮಕ್ಕಳ ಸೈಕಲ್ ಒಳಗಿಡಿ ಅನ್ನುವುದಕ್ಕೆ ಇದೇ ದೊಡ್ಡ ಕಾರಣ.

ಟಾಪ್ ಮೇಲೆ ಯಾಕೆ ಬೇಡ

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 80 ಕಿಮೀಯಿಂದ 110ಕ್ಕೆ ಹೋದರೇ ತಡೆ ಹೆಚ್ಚುಕಡಿಮೆ 1.9 ಪಟ್ಟು. ಅಮೆರಿಕದ ಇಂಧನ ಇಲಾಖೆಯ ಅಂಕಿಗಳ ಪ್ರಕಾರ, ಟಾಪ್ ಮೇಲಿನ ದೊಡ್ಡ ಮೊಂಡು ಮೂತಿಯ ಲಗೇಜ್ ಪೆಟ್ಟಿಗೆ ಊರೊಳಗೆ ಶೇ 2ರಿಂದ 8, ಹೆದ್ದಾರಿಯಲ್ಲಿ ಶೇ 6ರಿಂದ 17, ಇನ್ನೂ ವೇಗದ ಹೆದ್ದಾರಿಯಲ್ಲಿ ಶೇ 10ರಿಂದ 25 ಮೈಲೇಜ್ ತಿನ್ನುತ್ತದೆ. ಹಿಂದೆ ಕಟ್ಟಿದ ಪೆಟ್ಟಿಗೆಗೆ ಊರೊಳಗೆ ಶೇ 1–2, ಹೆದ್ದಾರಿಯಲ್ಲಿ ಶೇ 1–5 ಮಾತ್ರ. ಸೈಕಲ್ಲಿಗೆ ಪೆಟ್ಟಿಗೆಯಷ್ಟು ನುಣುಪು ಮೈಯೂ ಇಲ್ಲ. ಪ್ರತಿಯೊಂದು ಕಡ್ಡಿ, ಕೇಬಲ್, ಪೆಡಲ್ ಗಾಳಿಯನ್ನು ಒಡೆಯುತ್ತದೆ.

ತೂಕದ ಮಿತಿಯೂ ಬೇಗ ಮುಗಿಯುತ್ತದೆ. ಟಾಪ್ ಮಿತಿ 50 ಕೆಜಿ ಅಂದುಕೊಳ್ಳಿ. ಅಡ್ಡಪಟ್ಟಿಗಳು 5, ಸೈಕಲ್ ಕೂರಿಸುವ ಎರಡು ಟ್ರೇ 8, ಎರಡು ದೊಡ್ಡ ಸೈಕಲ್ 27, ಅಲ್ಲಿಗೆ 40. ಮೂರನೆಯ ಟ್ರೇ ಮತ್ತು 10 ಕೆಜಿ ಸೈಕಲ್ ಸೇರಿಸಿದರೆ 54 ಆಯಿತು. ಗಾಜಿನ ಟಾಪ್ ಇರುವ ಕೆಲವು ಕಾರುಗಳಿಗೆ ಅಡ್ಡಪಟ್ಟಿಯೇ ನಿಷಿದ್ಧ.

ಬೇರೆ ದಾರಿಯೇ ಇಲ್ಲದೆ ಟಾಪ್ ಬಳಸುವುದಾದರೆ ಒಟ್ಟು ಎತ್ತರ ಅಳೆಯಿರಿ. 1.5 ಮೀಟರ್ ಕಾರು, ಹತ್ತು ಸೆಂಟಿಮೀಟರ್ ರ‍್ಯಾಕ್, ಸುಮಾರು 1.05 ಮೀಟರ್ ಸೈಕಲ್, ಒಟ್ಟು 2.65 ಮೀಟರ್. ನೆಲಮಾಳಿಗೆಯ ಪಾರ್ಕಿಂಗ್ ಬಾಗಿಲು ಎಷ್ಟೋ ಕಡೆ 2.1 ಮೀಟರಿಗಿಂತ ಎತ್ತರ ಇರುವುದಿಲ್ಲ. ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ. ಇಂಥ ಅಪಘಾತ ಆಗುವುದು ದೂರದ ದಾರಿಯಲ್ಲಲ್ಲ, ಊರು ಮುಟ್ಟಿ ದಣಿದು ಗಾಡಿ ನಿಲ್ಲಿಸುವಾಗ.

ಮಕ್ಕಳ ಸೈಕಲ್ ಒಳಗೆ

60:40 ಆಗಿ ಮಡಚುವ ಹಿಂದಿನ ಸೀಟು ಇದ್ದರೆ 40ರ ಭಾಗ ಮಡಚಿ. ಉಳಿದ ಭಾಗದಲ್ಲಿ ಇಬ್ಬರು ಮಕ್ಕಳು, ಇಬ್ಬರಿಗೂ ಸರಿಯಾದ ಬೆಲ್ಟ್ ಮತ್ತು ಸೀಟಿನ ಜೊತೆ, ಕೂರಬಲ್ಲರೇ ಅಂತ ಹೊರಡುವ ಹಿಂದಿನ ದಿನವೇ ಕೂರಿಸಿ ನೋಡಿ. ಎರಡು ಅಗಲವಾದ ಚೈಲ್ಡ್ ಸೀಟುಗಳು ಪಕ್ಕಪಕ್ಕ ಹಿಡಿಸದಿದ್ದರೆ ಈ ದಾರಿ ನಿಮಗಲ್ಲ. ಆಗ ಒಂದೇ ಸೈಕಲ್ ಬಿಚ್ಚಿ ಡಿಕ್ಕಿಯಲ್ಲಿಟ್ಟು, ತೂಕದ ಮಿತಿ ಒಪ್ಪಿದರೆ ಮೂರು ಹಿಂದೆ ಹಾಕಿ.

20 ಇಂಚು ಗಾಲಿಯ ಸೈಕಲ್ ಸುಮಾರು 1.35 ಮೀಟರ್ ಉದ್ದ. ಮುಂದಿನ ಗಾಲಿ ತೆಗೆದರೆ 1.1 ಮೀಟರ್. ಮಕ್ಕಳ ಸೈಕಲ್ಲಿನಲ್ಲಿ ಗಾಲಿಗೆ ಸಾಮಾನ್ಯವಾಗಿ ನಟ್ ಇರುತ್ತದೆ, 14 ಅಥವಾ 15 ಎಂಎಂ ಸ್ಪಾನರ್ ಬೇಕು. ಸೀಟು ಪೂರ್ತಿ ಇಳಿಸಿ. ಹ್ಯಾಂಡಲ್ ಅಡ್ಡ ಬಂದರೆ ಫೋರ್ಕ್ ಕೊಳವೆಯನ್ನು ಹಿಡಿದಿರುವ ಹಿಂಬದಿಯ ಎರಡು ಬೋಲ್ಟ್ ಮಾತ್ರ ಸಡಿಲಿಸಿ 90 ಡಿಗ್ರಿ ತಿರುಗಿಸಿ. ಮೇಲಿನ ಮುಚ್ಚಳದ ಬೋಲ್ಟ್ ಮುಟ್ಟಬೇಡಿ, ಅದು ಬೇರಿಂಗಿನ ಬಿಗಿ ಹೊಂದಿಸುವುದಕ್ಕೆ ಇರುವುದು. ಮತ್ತೆ ಜೋಡಿಸುವಾಗ ಹ್ಯಾಂಡಲ್ ಮುಂದಿನ ಗಾಲಿಗೆ ನೇರವಾಗಿ ಅಡ್ಡವಿದೆಯೇ ನೋಡಿ, ಎರಡೂ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಮಾಡಿ. ಬಿಗಿತದ ಅಂಕಿ ಸ್ಟೆಮ್ (ಹ್ಯಾಂಡಲನ್ನು ಫೋರ್ಕ್ ಕೊಳವೆಗೆ ಜೋಡಿಸುವ ತುಂಡು) ಮೇಲೆಯೇ ಬರೆದಿರುತ್ತದೆ, ಎಷ್ಟೋ ಸಲ 5 ನ್ಯೂಟನ್ ಮೀಟರ್. ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಜಾರಬಾರದು.

ಪೆಡಲ್ ತೆಗೆಯಬೇಕಾದರೆ ಒಂದು ಮಾತು ನೆನಪಿರಲಿ: ಬಲಗಡೆಯದು ಗಡಿಯಾರದ ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ, ಎಡಗಡೆಯದರ ತಿರುಪು ತಿರುಗುಮುರುಗು, ಗಡಿಯಾರದ ದಿಕ್ಕಿಗೇ ಬಿಚ್ಚಬೇಕು. ಇದು ಗೊತ್ತಿಲ್ಲದೆ ಬಲ ಹಾಕಿದರೆ ಪೆಡಲ್ ಇನ್ನಷ್ಟು ಬಿಗಿದು ಕೂರುತ್ತದೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಗಾಲಿ ತೆಗೆದ ಕೂಡಲೇ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಸೇರಿಸಿ. ಅದು ಇಲ್ಲದಿದ್ದರೆ ದಪ್ಪ ರಟ್ಟನ್ನು ಮಡಚಿ ತುರುಕಿದರೂ ಸರಿ. ಡಿಸ್ಕ್ ಇಲ್ಲದಾಗ ಯಾರಾದರೂ ಬ್ರೇಕ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಂಡು, ಆಮೇಲೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಮಕ್ಕಳಿರುವ ಕಡೆ ಬ್ರೇಕ್ ಒತ್ತದೆ ಬಿಡುವವರು ಯಾರೂ ಇಲ್ಲ.

ಡಿಕ್ಕಿಗೆ ಹಳೆಯ ಕಂಬಳಿ ಹಾಸಿ, ಚೈನ್ ಇರುವ ಬಲಬದಿ ಮೇಲೆ ಬರುವಂತೆ ಸೈಕಲ್ ಮಲಗಿಸಿ. ಗೇರ್ ಇದ್ದರೆ ಹಿಂದಿನ ಅತಿ ದೊಡ್ಡ ಹಲ್ಲುಗಾಲಿಗೆ ಹಾಕಿಡಿ, ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒಳಕ್ಕೆ ಸರಿದು ಪೆಟ್ಟಿನಿಂದ ಉಳಿಯುತ್ತದೆ. ಎರಡನೆಯ ಸೈಕಲ್ ಮೇಲೆ ಬರುವಾಗ ನಡುವೆ ಇನ್ನೊಂದು ಕಂಬಳಿ. ಆಮೇಲೆ ಎರಡನ್ನೂ ಡಿಕ್ಕಿಯ ನೆಲದಲ್ಲಿರುವ ಲೋಹದ ಕೊಂಡಿಗಳಿಗೆ ಬಕಲ್ ಇರುವ ಪಟ್ಟಿಯಿಂದ ಬಿಗಿಯಿರಿ. ಇದನ್ನು ಬಿಡಲೇಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಕಟ್ಟದ 8 ಕೆಜಿ ಸೈಕಲ್ ಮಕ್ಕಳ ತಲೆಯ ಕಡೆಗೇ ನುಗ್ಗುತ್ತದೆ. ಬಂಗಿ ಹಗ್ಗ ಇದಕ್ಕೆ ಸಾಲದು, ಅದು ಎಳೆದಷ್ಟೂ ಹಿಗ್ಗುತ್ತದೆ.

ದೊಡ್ಡವರ ಸೈಕಲ್ ಹಿಂದೆ

ಟೋ ಹುಕ್ ಹಾಕಲು ಅನುಮತಿ ಇದ್ದರೆ ಅದಕ್ಕೆ ಕೂರುವ ತಟ್ಟೆಯಂಥ ರ‍್ಯಾಕ್ ಎಲ್ಲಕ್ಕಿಂತ ಒಳ್ಳೆಯದು. ಸೈಕಲ್ ಎತ್ತುವುದು ಮೊಣಕಾಲೆತ್ತರಕ್ಕಷ್ಟೆ, ಕಾರಿನ ಬಣ್ಣಕ್ಕೆ ಏನೂ ತಾಗದು.

ಅನುಮತಿ ಇಲ್ಲದ ಕಾರಿಗೆ ಡಿಕ್ಕಿ ಬಾಗಿಲಿಗೆ ಪಟ್ಟಿಗಳಿಂದ ಕಟ್ಟುವ ರ‍್ಯಾಕ್ ಉಳಿಯುತ್ತದೆ. ಇಲ್ಲಿ ಅವಸರ ಬೇಡ. ರ‍್ಯಾಕ್ ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾದರಿ ಮತ್ತು ವರ್ಷ ಇದೆಯೇ ನೋಡಿ. ಪ್ಲಾಸ್ಟಿಕ್ ಬಾಗಿಲು, ಮೇಲ್ತುದಿಯಲ್ಲಿ ಸ್ಪಾಯ್ಲರ್ (ಗಾಳಿಯ ಹರಿವು ತಿದ್ದಲು ಚಾಚಿರುವ ರೆಕ್ಕೆಯಂಥ ಅಂಚು), ಅಂಚಿನವರೆಗೂ ಗಾಜು, ಈ ಮೂರರಲ್ಲಿ ಯಾವುದಿದ್ದರೂ ಕೊಕ್ಕೆಗೆ ಗಟ್ಟಿ ಆಸರೆ ಸಿಗದೇ ಹೋಗಬಹುದು. ಮೈಲೇಜ್‌ಗಾಗಿ ರೂಪಿಸಿದ ಕಾರುಗಳಲ್ಲಿ ಸ್ಪಾಯ್ಲರ್ ಇದ್ದೇ ಇರುತ್ತದೆ ಅನ್ನುವಷ್ಟು ಸಾಮಾನ್ಯ.

ಕಟ್ಟುವ ಕ್ರಮ: ಬಾಗಿಲನ್ನು ಮತ್ತು ರ‍್ಯಾಕಿನ ರಬ್ಬರ್ ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಣ್ಣ ಗೀರುವುದು ರಬ್ಬರಿನಿಂದಲ್ಲ, ಅದರಡಿ ಸಿಕ್ಕ ಮರಳಿನಿಂದ. ಪಾದಗಳನ್ನು ಲೋಹದ ಮೇಲೆ ಕೂರಿಸಿ, ಗಾಜಿನ ಮೇಲೆ ಬೇಡ. ಮೇಲಿನ ಎರಡು ಕೊಕ್ಕೆಗಳನ್ನು ಬಾಗಿಲಿನ ಮೇಲಂಚಿಗೆ, ಕೆಳಗಿನ ಎರಡನ್ನು ಕೆಳ ಅಂಚಿಗೆ, ಪಕ್ಕದ ಎರಡನ್ನು ಬದಿಯ ಅಂಚಿಗೆ ಸಿಕ್ಕಿಸಿ. ಮೊದಲು ಮೇಲಿನದು, ಆಮೇಲೆ ಕೆಳಗಿನದು, ಕೊನೆಗೆ ಪಕ್ಕದ್ದು ಬಿಗಿದು, ಮತ್ತೊಮ್ಮೆ ಮೇಲಿನದನ್ನು ಎಳೆಯಿರಿ. ಮೊದಲ ಸಲ ಬಿಗಿಯಾಗಿದ್ದದ್ದು ಕೆಳಗಿನದು ಎಳೆದ ಮೇಲೆ ಸಡಿಲವಾಗಿರುತ್ತದೆ. ರ‍್ಯಾಕ್ ಹಿಡಿದು ಅಲ್ಲಾಡಿಸಿದರೆ ಇಡೀ ಕಾರು ಅಲ್ಲಾಡಬೇಕು. ಉಳಿದ ಪಟ್ಟಿ ತುದಿಗಳನ್ನು ಸುತ್ತಿ ಗಂಟು ಹಾಕಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಬಣ್ಣಕ್ಕೆ ಬಡಿಯುತ್ತವೆ. ವಿದ್ಯುತ್ತಿನಿಂದ ತೆರೆಯುವ ಬಾಗಿಲಾದರೆ ಆ ವ್ಯವಸ್ಥೆಯನ್ನು ಆಫ್ ಮಾಡಿ, ಹಿಂದಿನ ವೈಪರನ್ನೂ ಆನ್ ಮಾಡಬೇಡಿ. ಮಕ್ಕಳ ಸೈಕಲ್ಲುಗಳನ್ನು ಇದಕ್ಕೂ ಮುಂಚೆಯೇ ಒಳಗಿಟ್ಟಿರಬೇಕು, ರ‍್ಯಾಕ್ ಕಟ್ಟಿದ ಮೇಲೆ ಡಿಕ್ಕಿ ತೆರೆಯದು.

ಭಾರದ ಸೈಕಲ್ ಕಾರಿಗೆ ಹತ್ತಿರ, ಹಗುರದ್ದು ಹೊರಗೆ. ಒಂದರ ಮೂತಿ ಎಡಕ್ಕೆ, ಇನ್ನೊಂದರದು ಬಲಕ್ಕೆ ಇದ್ದರೆ ಹ್ಯಾಂಡಲುಗಳು ತಾಕಲಾಡುವುದಿಲ್ಲ. ಪೆಡಲ್ ಎಲ್ಲಿ ಪಕ್ಕದ ಫ್ರೇಮಿಗೆ ತಾಗುತ್ತದೋ ಅಲ್ಲಿ ಫೋಮ್ ಕೊಳವೆ ಸುತ್ತಿ. ಮೇಲಿನ ಕೊಳವೆ ಇಳಿಜಾರಾಗಿರುವ ಸೈಕಲ್ಲಿಗೆ ಸೀಟಿನ ಕಂಬದಿಂದ ಸ್ಟೆಮ್‌ವರೆಗೆ ಸಿಕ್ಕಿಸುವ ಅಡ್ಡ ಸಲಾಕೆ ಸಿಗುತ್ತದೆ, ಅದನ್ನು ಹಾಕಿದರೆ ನೇರವಾಗಿ ನೇತಾಡುತ್ತದೆ. ಎಲೆಕ್ಟ್ರಿಕ್ ಸೈಕಲ್ ಹಾಕುವ ಮುಂಚೆ ಬ್ಯಾಟರಿ ತೆಗೆದು ಕಾರಿನೊಳಗಿಡಿ, 2.5ರಿಂದ 4 ಕೆಜಿ ಇಳಿಯುತ್ತದೆ. ಆದರೂ ಪಟ್ಟಿ ರ‍್ಯಾಕುಗಳು ಸಾಮಾನ್ಯವಾಗಿ ಒಂದು ಸೈಕಲ್ಲಿಗೆ 15 ಕೆಜಿ ಆಸುಪಾಸು ಮಾತ್ರ ಹೊರುವುದರಿಂದ ಹೆಚ್ಚಿನ ಎಲೆಕ್ಟ್ರಿಕ್ ಸೈಕಲ್ಲುಗಳಿಗೆ ಅವು ಆಗುವುದಿಲ್ಲ.

ದೊಡ್ಡವರ ಸೈಕಲ್ ಸುಮಾರು 1.75 ಮೀಟರ್ ಉದ್ದ, ಚಿಕ್ಕ ಕಾರು ಸುಮಾರು 1.7 ಮೀಟರ್ ಅಗಲ. ಹಾಗೇ ನೇತುಹಾಕಿದರೆ ಗಾಲಿಗಳು ಕಾರಿನ ಮರೆಯಿಂದ ಹೊರಗೆ ಇಣುಕಿ ಗಾಳಿಗೆ ಸಿಗುತ್ತವೆ. ಮುಂದಿನ ಗಾಲಿ ತೆಗೆದರೆ ಉದ್ದ 1.4 ಮೀಟರಿಗೆ ಇಳಿದು ಸೈಕಲ್ ಪೂರ್ತಿ ಕಾರಿನ ಹಿಂದೆಯೇ ಅಡಗುತ್ತದೆ. ಫ್ರೇಮ್ ಹಿಡಿದು ನೇತುಹಾಕುವ ರ‍್ಯಾಕಿನಲ್ಲಿ ಮಾತ್ರ ಇದು ಸಾಧ್ಯ. ಎರಡು ನಿಮಿಷದ ಕೆಲಸಕ್ಕೆ ಇಷ್ಟು ಲಾಭ ಬೇರೆಲ್ಲೂ ಸಿಗದು. ಉಳಿದ ಗಾಲಿಯನ್ನು ಫ್ರೇಮಿಗೆ ಕಟ್ಟಿ, ತಿರುಗುತ್ತಿದ್ದರೆ ಬೇರಿಂಗ್ ಸುಮ್ಮನೆ ಸವೆಯುತ್ತದೆ. ಟೈರು ಸೈಲೆನ್ಸರ್ ಕೊಳವೆಯ ನೇರಕ್ಕೆ ಬರದಂತೆ ನೋಡಿ, ಬಿಸಿ ಹೊಗೆಗೆ ರಬ್ಬರ್ ಕರಗುತ್ತದೆ.

ನೀರಿನ ಬಾಟಲಿ, ಪಂಪು, ಬುಟ್ಟಿ, ಮಗುವಿನ ಸೀಟು ಎಲ್ಲವನ್ನೂ ತೆಗೆದು ಒಳಗಿಡಿ. ಇಡೀ ಸೈಕಲ್ಲಿಗೆ ಹೊದಿಕೆ ಹಾಕಬೇಡಿ, ಗಾಳಿ ತುಂಬಿಕೊಂಡು ಪಟ್ಟಿಗಳನ್ನು ಸಡಿಲಿಸುತ್ತದೆ.

ಹೊರಡುವ ಮುನ್ನ, ದಾರಿಯಲ್ಲಿ

ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪಗಳು ಮರೆಯಾಗಿದ್ದರೆ ಹೆಚ್ಚಿನ ದೇಶಗಳಲ್ಲಿ ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯ, ಹಿಂದಿನ ಗಾಡಿಯವನಿಗೆ ನಿಮ್ಮ ಬ್ರೇಕ್ ದೀಪ ಕಾಣದು. ಇಂಥ ಕಡೆ ರ‍್ಯಾಕಿಗೆ ದೀಪದ ಹಲಗೆ ಕಟ್ಟಬೇಕು. ಟೈರಿನ ಗಾಳಿಯನ್ನು ಚಾಲಕನ ಬಾಗಿಲ ಅಂಚಿನಲ್ಲಿ ಪೂರ್ತಿ ಹೊರೆಗೆ ಅಂತ ಬರೆದಿರುವ ಮಟ್ಟಕ್ಕೆ ತುಂಬಿಸಿ. ಹಿಂಭಾಗ ತಗ್ಗಿದಾಗ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಡ್ಯಾಶ್‌ಬೋರ್ಡಿನ ಗುಂಡಿಯಿಂದ ಬೆಳಕನ್ನು ಇಳಿಸಿ.

ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಎಲ್ಲ ಪಟ್ಟಿಗಳನ್ನೂ ಎಳೆದು ನೋಡಿ. ಹೊಸ ಪಟ್ಟಿ ಮೊದಲ ಹಾದಿಯಲ್ಲೇ ಹಿಗ್ಗುತ್ತದೆ, ಕೊಕ್ಕೆ ತನ್ನ ಜಾಗದಲ್ಲಿ ಕೂರುತ್ತದೆ. ಆಮೇಲೆ ನಿಂತಾಗಲೆಲ್ಲ ಒಮ್ಮೆ ನೋಡಿದರೆ ಸಾಕು. 80–90ರ ವೇಗದಲ್ಲಿ ಹೋದರೆ ಇಂಧನವೂ ಉಳಿಯುತ್ತದೆ, ಪಟ್ಟಿಗಳ ಮೇಲಿನ ಎಳೆತವೂ ಕಡಿಮೆ. ಉಬ್ಬುಗಳಲ್ಲಿ ತೀರ ನಿಧಾನ ಹೋಗಿ, ಹಿಂಭಾಗದ ಹೊರೆ ಪ್ರತಿ ಕುಲುಕಿಗೂ ಪಟ್ಟಿಯನ್ನು ಜಗ್ಗುತ್ತದೆ. ಹಿಂದಕ್ಕೆ ತೆಗೆಯುವಾಗ ಕಾರು 60–80 ಸೆಂಟಿಮೀಟರ್ ಉದ್ದವಾಗಿದೆ ಅನ್ನುವುದು ನೆನಪಿರಲಿ. ಸೆನ್ಸರ್ ಸೈಕಲ್ಲನ್ನೇ ನೋಡಿ ಕೂಗುತ್ತಿರುತ್ತದೆ, ಒಬ್ಬರು ಇಳಿದು ಕೈ ತೋರಿಸುವುದೇ ಸರಿ.

ಊರಿಗೆ ಮರಳಿದ ದಿನವೇ ರ‍್ಯಾಕ್ ಬಿಚ್ಚಿಡಿ, ಖಾಲಿ ರ‍್ಯಾಕೂ ಗಾಳಿಗೆ ಅಡ್ಡ ನಿಲ್ಲುತ್ತದೆ. ಪಟ್ಟಿಗಳನ್ನು ಒಣಗಿಸಿ ಬಿಸಿಲು ಬೀಳದ ಕಡೆ ಸುತ್ತಿಡಿ. ನೂಲು ಎದ್ದಿದ್ದರೆ, ಬಣ್ಣ ಬಿಳುಚಿ ಬಿರುಸಾಗಿದ್ದರೆ, ಬಕಲ್ ಹಲ್ಲು ಜಾರುತ್ತಿದ್ದರೆ ಆ ಪಟ್ಟಿಯನ್ನು ಕತ್ತರಿಸಿ ಎಸೆದು ಮುಂದಿನ ಪ್ರಯಾಣಕ್ಕೆ ಮುಂಚೆಯೇ ಹೊಸದು ತರಿಸಿ.