ಎರಡನೆಯ ಓದಿಗೆ ಪೆನ್ಸಿಲ್ ಬೇಕು

ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟಬೇಡಿ. ಕಥೆ ನಗಿಸಿದರೆ ನಗಿ, ನಿದ್ದೆ ಕೆಡಿಸಿದರೆ ಕೆಡಿಸಿಕೊಳ್ಳಿ. ಕಥೆ ಬರೆಯಬೇಕೆಂದು ಹೊರಟವರು ನನ್ನ ಬಳಿ ಬಂದು ‘ಏನೇನು ಓದಬೇಕು ಸರ್’ ಎಂದು ಪಟ್ಟಿ ಕೇಳುತ್ತಾರೆ. ನಾನು ಪಟ್ಟಿ ಕೊಡುವುದಿಲ್ಲ. ಈಗಾಗಲೇ ಓದಿ ಮೆಚ್ಚಿದ ಒಂದು ಪುಸ್ತಕವನ್ನೇ ಮತ್ತೆ ತೆಗೆಯಿರಿ ಎನ್ನುತ್ತೇನೆ. ಮುಂದೇನು ಎಂಬ ಕುತೂಹಲ ತಣಿದ ಮೇಲಷ್ಟೇ ಆ ಕುತೂಹಲವನ್ನು ಕೆರಳಿಸಿದ ಕೈಚಳಕ ಕಣ್ಣಿಗೆ ಬೀಳುತ್ತದೆ.

ನಾನು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಸಣ್ಣ ಕಾದಂಬರಿ. ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕ ಕಥೆ ಎಂದೇ ಓದಿದವರೆಲ್ಲರ ನೆನಪು. ಮತ್ತೆ ತೆರೆದು ನೋಡಿ, ಓತಿ ಅಷ್ಟು ಬೇಗ ಸಿಗುವುದಿಲ್ಲ. ಜೇನು, ಮಂದಣ್ಣನೆಂಬ ಹಳ್ಳಿ ಹುಡುಗನ ಮದುವೆ, ಊರಿನ ತಂಟೆ ತಕರಾರುಗಳಲ್ಲೇ ಎಷ್ಟೋ ಪುಟ ಕಳೆದುಹೋಗುತ್ತವೆ. ಆದರೂ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಏಕೆ?

ಒಂದು ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಒಂದೊಂದು ಅಧ್ಯಾಯ ಮುಗಿದಾಗಲೂ ಎಡಗಡೆ ಹೊಸದಾಗಿ ತಿಳಿದದ್ದನ್ನು, ಬಲಗಡೆ ಇನ್ನೂ ತಿಳಿಯದೆ ಉಳಿದದ್ದನ್ನು ಒಂದೊಂದೇ ಸಾಲಿನಲ್ಲಿ ಬರೆಯಿರಿ. ಬಲಗಡೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿಗೆ ಮಂದಣ್ಣನಂಥ ಹಳ್ಳಿಯ ಉಡಾಳನಿಂದ ಏನಾಗಬೇಕಾಗಿದೆ? ಇದು ನಮಗಿಂತ ಮೊದಲು ಕಥೆ ಹೇಳುತ್ತಿರುವವನನ್ನೇ ಕಾಡುವ ಪ್ರಶ್ನೆ. ಅವನಿಗೂ ಗೊತ್ತಿಲ್ಲದ ಕಾರಣ ಲೇಖಕರು ನಮ್ಮಿಂದ ಏನನ್ನೋ ಬಚ್ಚಿಟ್ಟಿದ್ದಾರೆ ಎಂಬ ಸಿಟ್ಟು ಬರುವುದಿಲ್ಲ. ಗುಟ್ಟು ಕಾಯಬೇಕೆಂದರೆ ಗುಟ್ಟು ತಿಳಿಯದವನ ಕೈಗೆ ಕಥೆ ಕೊಡಬೇಕು. ಹಾಳೆಯ ಬಲಗಡೆ ಖಾಲಿಯಾದ ಅಧ್ಯಾಯ ನಿಮ್ಮ ಸ್ವಂತ ಕಥೆಯಲ್ಲಿ ಕಂಡರೆ, ಓದುಗ ಎದ್ದು ಹೋಗುವ ಜಾಗ ಅದೇ.

ಇನ್ನು ಪೆನ್ಸಿಲ್. ಗ್ರಂಥಾಲಯದ ಪುಸ್ತಕಕ್ಕೆ ಗೀಚುವವರನ್ನು ಕಂಡರೆ ನನಗೆ ಆಗದು. ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಳ್ಳಿ. ಒಬ್ಬೊಬ್ಬ ಪಾತ್ರಕ್ಕೆ ನಿರೂಪಣೆ ಏಕವಚನ ಬಳಸಿದೆಯೋ ಬಹುವಚನವೋ ಗುರುತು ಹಾಕಿ. ಕರ್ವಾಲೊ ‘ಹೇಳಿದರು’, ಮಂದಣ್ಣ ‘ಹೇಳಿದ’. ಓತಿಯನ್ನು ಮೊದಲು ಕಂಡವನು ಮಂದಣ್ಣನೇ ಆದರೂ ಅವನಿಗೆ ಬಹುವಚನವಿಲ್ಲ. ನಿರೂಪಕ ಊರಿನಲ್ಲಿ ಎಲ್ಲಿ ನಿಂತು ಯಾರನ್ನು ನೋಡುತ್ತಿದ್ದಾನೆ ಎಂಬುದನ್ನು ಈ ಒಂದು ‘ರು’ ಹೇಳಿಬಿಡುತ್ತದೆ. ಕನ್ನಡದಲ್ಲಿ ಈ ಆಯ್ಕೆಯಿಂದ ತಪ್ಪಿಸಿಕೊಳ್ಳಲು ಯಾವ ಲೇಖಕನಿಗೂ ಸಾಧ್ಯವಿಲ್ಲ, ನಿಮಗೂ ಇಲ್ಲ. ನಿಮ್ಮ ಕಥೆಯ ಮನೆಗೆಲಸದವಳು ‘ಬಂದಳು’, ಯಜಮಾನಿ ‘ಬಂದರು’ ಎಂದಿದ್ದರೆ, ಹಾಗೆ ಬರೆದದ್ದು ನೀವೋ ನಿಮ್ಮ ಅಭ್ಯಾಸವೋ ಎಂದು ವಿಚಾರಿಸಿಕೊಳ್ಳಿ.

ಆಮೇಲೆ ವಾಕ್ಯದ ಕೊನೆ. ನಮ್ಮಲ್ಲಿ ಕ್ರಿಯಾಪದ ಕಡೆಗೆ ಬರುವುದರಿಂದ ‘ಎದ್ದ, ನಡೆದ, ನೋಡಿದ, ಕೂತ’ ಎಂದು ಸಾಲುಸಾಲಾಗಿ ಒಂದೇ ಸದ್ದು ಹೊರಡುವ ಅಪಾಯ ಸದಾ ಇರುತ್ತದೆ. ಮೆಚ್ಚಿದ ಪುಟವೊಂದರ ಕೊನೆಯ ಪದಗಳಿಗೆಲ್ಲ ಸುತ್ತು ಹಾಕಿ ಗಟ್ಟಿಯಾಗಿ ಓದಿ. ಒಳ್ಳೆಯ ಲೇಖಕರು ನಡುವೆ ಕ್ರಿಯಾಪದವೇ ಇಲ್ಲದ ವಾಕ್ಯ ಇಡುತ್ತಾರೆ, ‘ಎದ್ದು ಹೋಗಿ ನೋಡಿ’ ಎಂದು ಮೂರು ಕೆಲಸವನ್ನು ಒಂದೇ ವಾಕ್ಯಕ್ಕೆ ಪೋಣಿಸುತ್ತಾರೆ, ಇಲ್ಲವೇ ಒಂದು ಮಾತನ್ನು ತಂದು ಸದ್ದನ್ನು ಮುರಿಯುತ್ತಾರೆ. ಸಂಭಾಷಣೆಗೊಂದು ಕನ್ನಡ, ನಿರೂಪಣೆಗೊಂದು ಕನ್ನಡ ಎಂಬ ಗೋಡೆಯನ್ನೂ ಗಮನಿಸಿ. ದೇವನೂರ ಮಹಾದೇವ ಅವರು 1984ರ ‘ಕುಸುಮಬಾಲೆ’ಯಲ್ಲಿ ಆ ಗೋಡೆಯನ್ನೇ ಕೆಡವಿ, ನಿರೂಪಣೆಯನ್ನೂ ನಂಜನಗೂಡು ಸೀಮೆಯ ಆಡುಮಾತಿಗೆ ಬಿಟ್ಟುಕೊಟ್ಟರು. ಅದು ಕಷ್ಟ ಎನ್ನುವವರಿದ್ದಾರೆ. ಬಾಯಿಬಿಟ್ಟು ಓದಲಿ, ಕಷ್ಟ ಅರ್ಧಕ್ಕರ್ಧ ಇಳಿಯುತ್ತದೆ.

ಕೈಯಲ್ಲಿ ನಕಲು ಮಾಡುವುದನ್ನು ಹಳೆಯ ಮೇಷ್ಟರ ಶಿಕ್ಷೆ ಎಂದು ತಳ್ಳಿಹಾಕಬೇಡಿ. ಆದರೆ ಶಾಲೆಯಲ್ಲಿ ಮಾಡಿದಂತೆ ಅಲ್ಲ. ಒಂದು ವಾಕ್ಯ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ, ಬಳಿಕ ಹೋಲಿಸಿ. ಎಲ್ಲಿ ನಿಮ್ಮ ಕೈ ಬೇರೆ ಪದ ಹಾಕಿತೋ, ಎಲ್ಲಿ ಇಲ್ಲದ ವಿಶೇಷಣ ನುಸುಳಿತೋ, ಅಲ್ಲೇ ಲೇಖಕರಿಗೂ ನಿಮಗೂ ಇರುವ ಅಂತರ. ಕೆಲವೊಮ್ಮೆ ನಿಮ್ಮ ಪದವೇ ಮೇಲಾಗಿರುತ್ತದೆ, ಸಂಕೋಚ ಬೇಡ.

ಕೆಟ್ಟ ಕಥೆಗಳನ್ನೂ ಹೀಗೇ ಓದಿ. ಭಾನುವಾರದ ಪುರವಣಿಯಲ್ಲಿ ಬೇಸರ ತಂದ ಕಥೆಯೊಂದನ್ನು ಆರಿಸಿ, ಓದು ತಡವರಿಸಿದ ಮೊದಲ ವಾಕ್ಯಕ್ಕೆ ಗೆರೆ ಹಾಕಿ, ಅದರ ಹಿಂದಿನ ಎರಡು ವಾಕ್ಯ ನೋಡಿ. ತೊಂದರೆ ಬಹುತೇಕ ಅಲ್ಲಿಯೇ ಶುರುವಾಗಿರುತ್ತದೆ.