ಅಯೋಡಿನ್ ವಾರ್ಡಿನ ಹಳೆಯ ಟ್ಯಾಂಕ್ ತೆಗೆದ ಅನುಭವ

ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ನಾನು ವಿಕಿರಣ ಸುರಕ್ಷತಾ ಅಧಿಕಾರಿ. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧಿ ತೆಗೆದುಕೊಂಡವರ ಮೂತ್ರವನ್ನು ನೇರವಾಗಿ ಚರಂಡಿಗೆ ಬಿಡುವಂತಿಲ್ಲ. ಅದಕ್ಕೆಂದೇ ಜೋಡಿ ಟ್ಯಾಂಕ್ ಇರುತ್ತವೆ. ಒಂದು ತುಂಬುವಾಗ ಇನ್ನೊಂದನ್ನು, ವಿಕಿರಣ ಇಳಿಯಲಿ ಅಂತ, ಮುಚ್ಚಿಟ್ಟಿರುತ್ತೇವೆ. ವಾರ್ಡ್ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯ ಫೈಬರ್ ಟ್ಯಾಂಕ್‌ಗಳನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 8 ದಿನ. 80 ದಿನ ಬಿಟ್ಟರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಇಷ್ಟೇ ಲೆಕ್ಕ ಸಾಲದು. ಹಳೆಯ ರಿಜಿಸ್ಟರ್ ನೋಡಿದರೆ ಅದೇ ವಾರ್ಡಿನಲ್ಲಿ ಲುಟೇಷಿಯಂ-177 ಎಂಬ ಇನ್ನೊಂದು ವಿಕಿರಣ ಔಷಧಿಯ ಚಿಕಿತ್ಸೆಯೂ ನಡೆದಿತ್ತು. ಅದರ ವಿಕಿರಣವೂ ಬೇಗ ಇಳಿಯುತ್ತದೆ ನಿಜ. ಆದರೆ ಅದನ್ನು ತಯಾರಿಸುವ ಒಂದು ವಿಧಾನದಲ್ಲಿ ಲುಟೇಷಿಯಂ-177ಎಂ ತುಸು ಬೆರೆತಿರುತ್ತದೆ. ಅದರ ಅರ್ಧಾಯುಷ್ಯ ಸುಮಾರು 160 ದಿನ! ಹಾಗಾಗಿ ಮೇಲಿನ ನೀರಿನ ಜೊತೆ ತಳದ ರಾಡಿಯ ಮಾದರಿಯನ್ನೂ ತೆಗೆದು ಯಾವ ವಿಕಿರಣ ವಸ್ತು ಎಷ್ಟಿದೆ ಎಂದು ತೋರಿಸುವ ಗಾಮಾ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದೆ. ಎಲ್ಲವೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿಯೊಳಗೇ ಇತ್ತು.

ನನಗೆ ನಿಜವಾದ ಭಯ ಶುರುವಾದದ್ದು ಅದಾದ ಮೇಲೆ. ಅಕ್ಕಲಕೋಟೆ ಕಡೆಯ ಕೆಲಸದ ಹುಡುಗ, "ಅಕ್ಕಾರ, ಈಗ ಏನೂ ಇಲ್ಲಲ್ರೀ, ಒಳಗ ಇಳದು ಬಳದು ಬರ್ತೀನಿ" ಅಂದ. ಬೇಡವೇ ಬೇಡ ಅಂದೆ. ತಿಂಗಳುಗಟ್ಟಲೆ ಮುಚ್ಚಿದ ಮಲಮೂತ್ರದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕಟ್ಟುತ್ತದೆ. ಅದು ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮನುಷ್ಯ ಅಲ್ಲೇ ಕುಸಿಯುತ್ತಾನೆ, ಎತ್ತಲು ಇಳಿದವನೂ ಹೋಗುತ್ತಾನೆ. ವಿಕಿರಣದ ಮೀಟರಿಗೆ ಇದು ಕಾಣುವುದಿಲ್ಲ, ಗ್ಯಾಸ್ ಮೀಟರ್ ಬೇರೆಯೇ ಬೇಕು. ರಕ್ಷಣೆಯಿಲ್ಲದೆ ಇಂಥ ಗುಂಡಿಗೆ ಯಾರನ್ನೂ ಇಳಿಸಬಾರದು ಅಂತ 2013ರ ಕಾಯ್ದೆಯೇ ಇದೆ. ಮುಚ್ಚಳ ತೆಗೆದು, ಫ್ಯಾನ್ ಹಚ್ಚಿ, ಹೊರಗಿನಿಂದಲೇ ನೀರಿನ ಜೆಟ್ ಹೊಡೆದು ರಾಡಿಯನ್ನು ಪಂಪಿನಿಂದ ಎತ್ತಿದೆವು. ಯಾರೂ ಒಳಗೆ ತಲೆ ಕೂಡ ಹಾಕಲಿಲ್ಲ.

ಧೂಳು ಏಳದಂತೆ ನೀರು ಬಿಡುತ್ತಾ ಟ್ಯಾಂಕ್ ಕತ್ತರಿಸಿದೆವು. ಪ್ರತಿ ತುಂಡನ್ನೂ ಒರೆಸಿ ಪರೀಕ್ಷಿಸಿ, ಮೇಲಿದ್ದ ವಿಕಿರಣ ಎಚ್ಚರಿಕೆಯ ಚಿಹ್ನೆ ಕೆರೆದು ತೆಗೆದ ಮೇಲೇ ಗುಜರಿಗೆ ಕೊಟ್ಟದ್ದು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಗುಜರಿ ಸೇರಿ ಒಬ್ಬರು ಸತ್ತರಲ್ವಾ, ಅದು ಮರೆಯುವ ಮಾತಲ್ಲ.

ಪೈಪಿನ ಕೆಲವು ಬೆಂಡುಗಳು ಮಾತ್ರ ಮೀಟರಿನಲ್ಲಿ ಸ್ವಲ್ಪ ಜಾಸ್ತಿ ತೋರಿಸಿದವು. ಹೊಲಸು ಅಲ್ಲೇ ಅಂಟಿ ಕೂರುತ್ತದೆ. ಅವನ್ನು ಚೀಲದಲ್ಲಿ ಕಟ್ಟಿ, ತಾರೀಖು ಬರೆದು ಬೀಗದ ಕೋಣೆಯಲ್ಲಿ ಇಟ್ಟಿದ್ದೇನೆ. ಗುಜರಿಯವರು ಕೇಳುತ್ತಲೇ ಇದ್ದಾರೆ. ಮೀಟರ್ ಇಳಿಯುವವರೆಗೆ ಕೊಡುವುದಿಲ್ಲ.